ಒಂಬತ್ತನೆಯ ಮೊಳೆ

ಆ ಕಾರ್ಖಾನೆಯಲ್ಲಿ ಬೇಸ್ ಗಿಟಾರ್ ಬಿಟ್ಟು ಬೇರೇನನ್ನೂ ಮಾಡುತ್ತಿರಲಿಲ್ಲ. ಆದರೆ ಬೇಸ್ ಗಿಟಾರನ್ನೇ ನಲವತ್ತೇಳು ಬಗೆಯಲ್ಲಿ ಮಾಡುತ್ತಿದ್ದರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಒಂದು ತುದಿಗೆ ಮರ ಒಣಗಿಸುವ ಕೋಣೆ, ಇನ್ನೊಂದು ತುದಿಗೆ ಬಣ್ಣದ ಕೋಣೆ, ನಡುವೆ ಎಂಟು ಜನ. ಎಂಟು ಜನಕ್ಕೆ ನಲವತ್ತೇಳು ಮಾದರಿ ಎಂದರೆ ತಲೆಗೆ ಸುಮಾರು ಆರು ಬಂತು. ಹೀಗೆ ಯಾರೂ ಭಾಗಿಸಿ ನೋಡಿರಲಿಲ್ಲ, ನೋಡಿದ್ದರೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಈ ನಲವತ್ತೇಳನ್ನೂ ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲವನು ಒಬ್ಬನೇ ಒಬ್ಬ. ಅವನನ್ನು ಎಲ್ಲರೂ ಅಳತೆ ಮಾವ ಎನ್ನುತ್ತಿದ್ದರು. ಮಾವ ಎನ್ನುವುದಕ್ಕೆ ಕಾರಣ, ಅವನು ಯಜಮಾನನ ಹೆಂಡತಿಯ ತಮ್ಮ, ಯಜಮಾನನ ಮಗಳಿಗೆ ಸೋದರಮಾವ. ಆ ಮಗು ಶೆಡ್ಡಿನಲ್ಲೆಲ್ಲ ‘ಮಾವಾ ಮಾವಾ’ ಎಂದು ಕೂಗಿಕೊಂಡು ಓಡಾಡಿದ್ದರಿಂದ ಮಿಕ್ಕವರ ಬಾಯಿಗೂ ಅದೇ ಅಂಟಿತು. ಅಳತೆ ಎನ್ನುವುದು ಅವನ ಕೆಲಸ. ಗಿಟಾರಿನ ಒಡಲು, ಕತ್ತು, ತಲೆ ಎಲ್ಲದಕ್ಕೂ ಮೊದಲು ಪ್ಲೈವುಡ್ಡಿನಲ್ಲಿ ಅಚ್ಚುಹಲಗೆ ಕತ್ತರಿಸಬೇಕು. ಅದನ್ನು ಮರದ ಮೇಲೆ ಬಿಗಿದು, ಅದರ ಅಂಚನ್ನೇ ಹಿಡಿದು ಯಂತ್ರ ಓಡಿಸಬೇಕು. ಹಲಗೆ ಹೇಗಿದೆಯೋ ಗಿಟಾರ್ ಹಾಗೆ. ಮೂವತ್ತೇಳು ವರ್ಷದಿಂದ ಆ ಹಲಗೆಗಳನ್ನು ಕತ್ತರಿಸಿದವನು, ಉದ್ದನೆಯ ಗೋಡೆಯ ಮೇಲೆ ನಂಬರು ಬರೆದು ಮೊಳೆಗೆ ತೂಗುಹಾಕಿದವನು, ಬೇರೆಯವರು ಮುಟ್ಟಿದರೆ ಕೆಂಡವಾಗುತ್ತಿದ್ದವನು ಮಾವ. ಮಾವನ ಕೈ ತಪ್ಪಿದ್ದೇ ಇಲ್ಲ ಎನ್ನುವುದು ಶೆಡ್ಡಿನ ನಂಬಿಕೆ. ಹೊಸದಾಗಿ ಸೇರಿದವರಿಗೆ ಶೌಚಾಲಯ ಎಲ್ಲಿದೆ ಎಂದು ತೋರಿಸಿದ ಮೇಲೆ ಹೇಳುತ್ತಿದ್ದ ಎರಡನೆಯ ಮಾತೇ ಇದು.

ನಿಜ ಹೇಳಬೇಕೆಂದರೆ ಮಾವನ ಕೈ ಹನ್ನೊಂದು ಸಲ ತಪ್ಪಿತ್ತು. ಅದು ಗೊತ್ತಿದ್ದವರು ಇಬ್ಬರೇ, ಮಾವ ಮತ್ತು ಅವನ ಭಾವ, ಅಂದರೆ ಯಜಮಾನ.

ಭಾವನ ಸ್ವಭಾವವೇ ವಿಚಿತ್ರ. ಒಂದು ಒಡಲು ಕೆಟ್ಟರೆ ಬೈಯುವುದಿರಲಿ, ಮುಖ ಕೂಡ ಸಿಂಡರಿಸುತ್ತಿರಲಿಲ್ಲ. ಕೆಟ್ಟದ್ದನ್ನು ಕೈಗೆತ್ತಿಕೊಂಡು ಮೂರು ಸುತ್ತು ತಿರುಗಿಸುತ್ತಿದ್ದ. ಕಿವಿಯ ಸಂದಿನಿಂದ ಪೆನ್ಸಿಲು ತೆಗೆದು ಅಚ್ಚುಹಲಗೆಯ ಬೆನ್ನ ಮೇಲೆ ತಾರೀಖು ಬರೆಯುತ್ತಿದ್ದ. “ತಪ್ಪಲ್ಲ ಮಾರಾಯ, ಹೊಸ ಮಾದರಿ. ಇದಕ್ಕೊಂದು ನಂಬರು ಹಾಕು” ಎನ್ನುತ್ತಿದ್ದ. ತಂತಿಯ ದನಿ ಹಿಡಿಯುವ ಪಿಕಪ್ಪಿನ ಗುಳಿ ಎಂಟು ಮಿಲಿಮೀಟರ್ ಹಿಂದಕ್ಕೆ ಹೋದಾಗ ಇಪ್ಪತ್ತೆರಡರ ಪಕ್ಕ ಇಪ್ಪತ್ಮೂರು ಹುಟ್ಟಿತು. ಒಡಲಿನ ಮೇಲಿನ ಕೊಂಬು ಹೆಚ್ಚು ಅರೆದುಹೋದಾಗ ಮೂವತ್ತೊಂದು ಹುಟ್ಟಿತು. ಕ್ಯಾಟಲಾಗಿನಲ್ಲಿ ಭಾವ ಇಪ್ಪತ್ಮೂರಕ್ಕೆ ‘ದುಂಡನೆಯ ದನಿ’ ಎಂದೂ ಮೂವತ್ತೊಂದಕ್ಕೆ ‘ಹೆಗಲಿಗೆ ಹಗುರ’ ಎಂದೂ ಬರೆದ. ಮಾವ ತಲೆ ತಗ್ಗಿಸಿಕೊಂಡು ಹೊಸ ಹಲಗೆ ಕತ್ತರಿಸಿ, ಆ ತಾರೀಖನ್ನೇ ಅದರ ಬೆನ್ನಿಗೂ ಬರೆದು, ಹೊಸ ಮೊಳೆ ಹೊಡೆದು ತೂಗುಹಾಕುತ್ತಿದ್ದ. ಉಳಿದವರಿಗೆ ಯಜಮಾನನ ತಲೆಯಲ್ಲಿ ಮತ್ತೊಂದು ಹೊಳೆಯಿತು ಎನ್ನುವಷ್ಟೇ ಗೊತ್ತು.

ಭಾವ ತೀರಿಕೊಂಡು ಎರಡು ವರ್ಷವಾಯಿತು. ಈಗ ಮಗಳೇ ಯಜಮಾನಿ. ಮೂವತ್ನಾಲ್ಕರ ಹೆಂಗಸು, ಅಪ್ಪನ ಹಾಗೆ ಕಿವಿಗೆ ಪೆನ್ಸಿಲು ಸಿಕ್ಕಿಸುತ್ತಾಳೆ, ಆದರೆ ಎಡಗಿವಿಗೆ. ಅವಳು ಎಡಚಿ.

ಒಂದು ದಿನ ಒಬ್ಬ ಗಿರಾಕಿ ಬಂದು ಮುಂದಿನ ಕೋಣೆಯಲ್ಲಿ ಮೂರು ಗಂಟೆ ಕೂತ. ಮದುವೆ ಮನೆಗಳಲ್ಲಿ ಬಾರಿಸುವ ವಾದ್ಯಗೋಷ್ಠಿಯವನು, ಕೆಲಸ ಬಲ್ಲವನು. ಹದಿನಾಲ್ಕು ಗಿಟಾರ್ ಮಡಿಲಿಗೆ ಹಾಕಿಕೊಂಡ, ಹದಿನಾಲ್ಕನ್ನೂ ನುಡಿಸಿದ, ಕೊನೆಗೆ ಬೆವರು ಒರೆಸಿಕೊಂಡು ಎದ್ದ.

“ಎಲ್ಲಾ ಚೆನ್ನಾಗೇ ಇದೆಯಮ್ಮ. ಆದ್ರೆ ಯಾವ್ದು ತಗೊಂಡ್ರೂ ಇನ್ನೊಂದನ್ನ ಬಿಟ್ಟುಬಂದೆನಲ್ಲಾ ಅಂತ ಅನ್ಸುತ್ತೆ. ಮನೆಗೆ ಹೋಗಿ ಯೋಚ್ನೆ ಮಾಡ್ತೀನಿ” ಎಂದ.

ಹಾಗೆ ಯೋಚನೆ ಮಾಡಲು ಮನೆಗೆ ಹೋದವರು ಯಾರೂ ತಿರುಗಿ ಬಂದ ದಾಖಲೆ ಇರಲಿಲ್ಲ. ಆ ತಿಂಗಳಲ್ಲಿ ಅವನು ಐದನೆಯವನು. ಯಜಮಾನಿ ಒಳಗೆ ಬಂದು ಗೋಡೆಯ ಮುಂದೆ ನಿಂತಳು.

“ಮಾವ, ಇಪ್ಪತ್ತೆರಡಕ್ಕೂ ಇಪ್ಪತ್ಮೂರಕ್ಕೂ ಏನು ವ್ಯತ್ಯಾಸ?”

“ಪಿಕಪ್ಪು ಎಂಟು ಮಿಲಿಮೀಟರ್ ಹಿಂದೆ.”

“ಅದು ನನಗೂ ಕಾಣುತ್ತೆ. ಯಾಕೆ ಹಿಂದೆ?”

ಮಾವ ಹಲಗೆಯ ಮೇಲಿನ ಧೂಳು ಊದಿದ. ಅಲ್ಲಿ ಧೂಳಿರಲಿಲ್ಲ. “ದುಂಡನೆಯ ದನಿ” ಎಂದ ಮೆಲ್ಲಗೆ.

ಅವಳು ಆರ್ಡರು ಪುಸ್ತಕ ಹಿಡಿದು ಒಂದು ವಾರ ಕೂತಳು. ಯಾರೋ ಒಬ್ಬ ಒಂದು ಸಲ ಕೇಳಿ ಮಾಡಿಸಿಕೊಂಡು, ಆಮೇಲೆ ಯಾರೂ ಕೇಳದ ಮಾದರಿಗಳು ಇಪ್ಪತ್ತೆಂಟು ಸಿಕ್ಕವು. ಅವನ್ನು ಒಂದೇ ಏಟಿಗೆ ಹೊಡೆದುಹಾಕಿದಳು. ಉಳಿದದ್ದು ಹತ್ತೊಂಬತ್ತು. ಅದರಲ್ಲಿ ಮೊದಲ ಎಂಟು ಅಪ್ಪ ಕೂತು ಯೋಚಿಸಿ ಮಾಡಿದ್ದು, ಅವುಗಳ ನಕ್ಷೆ ಇತ್ತು. ಮಿಕ್ಕ ಹನ್ನೊಂದಕ್ಕೆ ನಕ್ಷೆಯೂ ಇಲ್ಲ, ಹೆತ್ತವರೂ ಇಲ್ಲ.

“ಸೋಮವಾರ ಎಲ್ಲರೂ ಗೋಡೆ ಹತ್ರ ಸೇರೋಣ” ಎಂದಳು. “ಒಂದೊಂದಕ್ಕೂ ಹೀಗ್ಯಾಕಿದೆ ಅಂತ ಯಾರಾದ್ರೂ ಕಾರಣ ಹೇಳ್ಬೇಕು. ಕಾರಣ ಇದ್ರೆ ಇರುತ್ತೆ, ಇಲ್ದಿದ್ರೆ ಹಲಗೆ ಗರಗಸಕ್ಕೆ. ಮಾವ, ನಿನಗೇ ಗೊತ್ತಿರೋದು. ನೀನೇ ಹೇಳು.”

ಮಾವನ ಮನೆ ಒಂದು ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಭಾನುವಾರ ಮಧ್ಯಾಹ್ನ ಕೆಳಗಿನಿಂದ ಬಿಸಿ ಬಟ್ಟೆಯ ವಾಸನೆ ಏರುತ್ತಿತ್ತು. ಹೆಂಡತಿ ಕಿಟಕಿಯ ಪರದೆಗೆ ಅಂಚು ಹೊಲಿಯುತ್ತಿದ್ದಳು. ಮಾವ ಕೋಣೆಯಿಂದ ಕೋಣೆಗೆ ಆರು ಸಲ ಹೋಗಿಬಂದು, ಏಳನೆಯ ಸಲಕ್ಕೆ ಕೂತು ಎಲ್ಲವನ್ನೂ ಹೇಳಿಬಿಟ್ಟ. ಇಷ್ಟು ವರ್ಷದಲ್ಲಿ ಹನ್ನೊಂದು ತಪ್ಪು, ಹನ್ನೊಂದು ನಂಬರು.

ಹೆಂಡತಿ ಸೂಜಿ ನಿಲ್ಲಿಸಿದಳು. “ಹನ್ನೊಂದೇನಾ?” ಎಂದಳು. “ಮನೇಲಿ ವಾರಕ್ಕೇ ಅಷ್ಟು ಮಾಡ್ತೀರಲ್ಲ.”

“ತಮಾಷೆ ಬೇಡ. ಮೂವತ್ತೇಳು ವರ್ಷದ ಹೆಸರು.”

“ಹಾಗಾದ್ರೆ ಅಲ್ಲಿ ಬರೆದಿರೋದನ್ನೇ ಹೇಳಿ. ದುಂಡನೆಯ ದನಿ, ಹೆಗಲಿಗೆ ಹಗುರ, ಮಣ್ಣು ಮಸಿ.”

“ಹೇಳಿದ್ರೆ ಅವಳು ಎಲ್ಲಾ ಇಟ್ಕೋತಾಳೆ. ಗಿರಾಕಿಗಳು ಯೋಚ್ನೆ ಮಾಡಕ್ಕೆ ಮನೆಗೆ ಹೋಗ್ತಾನೇ ಇರ್ತಾರೆ. ಅಂಗಡಿ ಮುಳುಗುತ್ತೆ.” ಮತ್ತೆ ಅಂದ, “ಹೆಸರು ಹೋದ್ರೆ ಹೋಗ್ಲಿ. ಹತ್ತು ಹೇಳ್ತೀನಿ. ಒಂಬತ್ತನೇ ನಂಬರಿಂದು ಮಾತ್ರ ಹೇಳಲ್ಲ.”

ಹೆಂಡತಿ ಯಾಕೆಂದು ಕೇಳಲಿಲ್ಲ. ಒಂಬತ್ತು ಯಾರದೆಂದು ಮನೆಯವರಿಗೆಲ್ಲ ಗೊತ್ತು. ಅದು ಎಡಗೈ ಗಿಟಾರ್. ಯಜಮಾನಿ ಏಳು ವರ್ಷದವಳಿದ್ದಾಗ ಅವಳ ಅಪ್ಪ ಅದನ್ನು ಮನೆಗೆ ತಂದು, “ನಿನಗೋಸ್ಕರ ಮಾಡಿದ್ದು ಕಣೇ” ಎಂದು ಅವಳ ಮಡಿಲಿಗೆ ಇಟ್ಟಿದ್ದ. ಅಪ್ಪ ಮಗಳ ನಡುವೆ ಮಾತು ಕಡಿಮೆ, ಅಪ್ಪುಗೆಯಂತೂ ಇಲ್ಲವೇ ಇಲ್ಲ. ಅವನು ಮುದ್ದು ಮಾಡಿದ್ದು ಮರವನ್ನೇ ಹೊರತು ಮನುಷ್ಯರನ್ನಲ್ಲ. ಹಾಗಾಗಿ ಆ ಗಿಟಾರೊಂದೇ ಅವಳ ಪಾಲಿಗೆ ಸಾಕ್ಷಿ. ಅಪ್ಪ ಸತ್ತ ದಿನ ಕೂಡ ಬಂದವರ ಮುಂದೆ ಅವಳು ಹೇಳಿಕೊಂಡು ಅತ್ತದ್ದು ಅದನ್ನೇ.

ಆದರೆ ಅದು ಹುಟ್ಟಿದ್ದು ಹೀಗೆ: ಮಾವ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಎಂಟನೆಯ ಹಲಗೆಯನ್ನು ಅಂಗಾತ ಇಡುವ ಬದಲು ಬೋರಲಾಗಿ ಬಿಗಿದು ಯಂತ್ರ ಓಡಿಸಿಬಿಟ್ಟಿದ್ದ. ಮರ ಕತ್ತರಿಸಿ ಎತ್ತಿ ನೋಡಿದರೆ ಕನ್ನಡಿಯಲ್ಲಿ ಕಂಡಂತೆ ಎಲ್ಲ ಉಲ್ಟಾ. ಅದೇ ಅವನ ಮೊದಲನೆಯ ತಪ್ಪು.

ಸೋಮವಾರ ಬೆಳಿಗ್ಗೆ ಎಂಟೂ ಜನ ಗೋಡೆಯ ಮುಂದೆ ಸೇರಿದರು. ಯಜಮಾನಿಯ ಕೈಯಲ್ಲಿ ಉಳಿಯುವ ಮಾದರಿಗಳಿಗೆ ಕಟ್ಟಲು ಹಸಿರು ಚೀಟಿಗಳ ಕಟ್ಟು ಇತ್ತು. ಮೊದಲ ಎಂಟಕ್ಕೆ ಚೀಟಿ ಕಟ್ಟಿ ಮುಗಿಸಿದ್ದಳು.

“ಕೊನೆಯಿಂದ ಬರೋಣ” ಎಂದ ಮಾವ. ನಲವತ್ನಾಲ್ಕರ ಹಲಗೆ ಇಳಿಸಿದ. “ಇದು ನನ್ನ ತಪ್ಪು. ಕತ್ತಿನ ಬುಡ ಮೂರು ಮಿಲಿಮೀಟರ್ ಜಾಸ್ತಿ ಕೊಯ್ದೆ. ನಿಮ್ಮಪ್ಪ ಮಾದರಿ ಮಾಡಿದ.”

ಬಣ್ಣದವನು ಕಿವಿಯೊಳಗಿನ ಹತ್ತಿ ತೆಗೆದ.

“ಇದೂ ನನ್ನದೇ” ಎಂದು ನಲವತ್ತನ್ನು ಇಳಿಸಿದ. “ತಂತಿ ಹೊರೋ ಕುದುರೆ ಸೊಟ್ಟ ಕೂತಿತ್ತು. ಇದು ಮೂವತ್ತೇಳು, ಅವತ್ತು ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ. ಮೂವತ್ತೊಂದು, ಕೊಂಬು ಅರೆದುಹೋಯ್ತು, ಹೆಗಲಿಗೆ ಹಗುರ ಏನಿಲ್ಲ, ಎರಡೂ ತೂಗಿ ನೋಡಿದೀನಿ.” ದನಿಯಲ್ಲಿ ಏರಿಳಿತವಿಲ್ಲ, ಸಾಮಾನಿನ ಪಟ್ಟಿ ಓದಿದ ಹಾಗೆ. ಗಿಟಾರಿನ ಕತ್ತಿಗೆ ಅಡ್ಡಲಾಗಿ ತಂತಿ ಪಟ್ಟಿ ಕೂರಿಸುವ ಹೆಂಗಸು ಹತ್ತೊಂಬತ್ತು ವರ್ಷದಿಂದ ಮಾವನ ಪಕ್ಕದ ಮೇಜಿನಲ್ಲಿ ಕೂತವಳು. ತನ್ನ ಕೈ ತಪ್ಪಿದಾಗೆಲ್ಲ ಯಾರಿಗೂ ಕಾಣದ ಹಾಗೆ ಅದನ್ನು ಮರದ ಪುಡಿಯೊಳಗೆ ಹೂತು, ಮಾವನ ಮುಖ ನೋಡಲಾರದೆ ಮನೆಗೆ ಹೋದವಳು. ಅವಳೀಗ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದಳು.

ಹತ್ತನೆಯ ಹಲಗೆಯೂ ನೆಲಕ್ಕಿಳಿಯಿತು. ಮಾವ ಕೈ ಒರೆಸಿಕೊಂಡು, “ಇಷ್ಟೇ” ಎಂದ.

ಯಜಮಾನಿಯ ಕಣ್ಣಲ್ಲಿ ನೀರಿತ್ತೋ ನಗುವಿತ್ತೋ ಹೇಳುವುದು ಕಷ್ಟ. “ಅಪ್ಪ ಇಷ್ಟೆಲ್ಲಾ ಹೊಟ್ಟೇಲಿ ಇಟ್ಕೊಂಡಿದ್ರಾ?” ಎಂದಳು. “ಸರಿ, ಹತ್ತೂ ಹೋಗ್ಲಿ. ಒಂಬತ್ತು ಇರುತ್ತೆ. ಅದಕ್ಕೆ ಕಾರಣ ಹೇಳೋದು ಬೇಡ. ಅದರ ಕಾರಣ ನಾನೇ.”

ಎಲ್ಲರೂ ನಕ್ಕರು. ಮಾವನೂ ನಗುವ ಪ್ರಯತ್ನ ಮಾಡಿದ. ಅವಳು ಹಸಿರು ಚೀಟಿ ಹಿಡಿದು ಒಂಬತ್ತನೆಯ ಮೊಳೆಯ ಹತ್ತಿರ ಹೋದಳು. ಹಿಂದಿನ ದಿನವೆಲ್ಲ ಮಾವ ಏನೇನೋ ಯೋಚಿಸಿದ್ದ, ಇದೊಂದನ್ನು ಯೋಚಿಸಿರಲಿಲ್ಲ. ಒಂಬತ್ತನೆಯ ಮೊಳೆ ಖಾಲಿ. ಅದಕ್ಕೆ ಹಲಗೆ ಎಂದೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಡಗೈಯದು ಬೇಕೆಂದಾಗಲೆಲ್ಲ ಎಂಟನೆಯದನ್ನೇ ಮಗುಚಿ ಹಾಕುತ್ತಿದ್ದ.

“ಮಾವ, ಇದರ ಹಲಗೆ ಎಲ್ಲಿ?”

ಮಾವ ಬಾಯಿ ಬಿಡುವುದರೊಳಗೆ ಅವಳ ಕೈ ಪಕ್ಕದ ಎಂಟಕ್ಕೆ ಹೋಯಿತು. ಎಷ್ಟೆಂದರೂ ಮರದ ನಡುವೆ ಬೆಳೆದವಳು. ಹಲಗೆಯನ್ನು ಇಳಿಸಿ ತಿರುಗಿಸಿದಳು. ಬೆನ್ನಿನ ಮೇಲೂ ಮುಖದ ಮೇಲಿದ್ದಷ್ಟೇ ಬಿಗಿದ ಗುರುತು. ಮೂಲೆಯಲ್ಲಿ ಅಪ್ಪನ ಪೆನ್ಸಿಲಿನಲ್ಲಿ ಒಂಬತ್ತು ಎಂಬ ನಂಬರು, ಪಕ್ಕದಲ್ಲಿ ತಾರೀಖು. ಅದನ್ನು ಎರಡು ಸಲ ಓದಿದಳು.

“ಆಗ ನಾನಿನ್ನೂ ಹುಟ್ಟೇ ಇರ್ಲಿಲ್ಲ” ಎಂದಳು.

ಶೆಡ್ಡಿನಲ್ಲಿ ಧೂಳು ಹೀರುವ ಯಂತ್ರದ ಸದ್ದೊಂದೇ. ಯಾರೋ ಹೋಗಿ ಅದನ್ನೂ ಆರಿಸಿದರು. ಸದ್ದು ಇದ್ದಿದ್ದರೇ ಚೆನ್ನಾಗಿತ್ತು ಎಂದು ಮಾವನಿಗೆ ಅನಿಸಿತು.

“ಅದೂ ನನ್ನ ತಪ್ಪೇ ಕಣಮ್ಮ. ಮೊದಲನೇದು. ಹಲಗೆ ಬೋರಲು ಹಾಕಿದ್ದೆ.”

“ನನಗೋಸ್ಕರ ಮಾಡಿದ್ದು ಅಂದಿದ್ರು.”

“ಅದು ನಿನಗೆ ಮಾಡಿದ್ದಲ್ಲ. ನಿನಗೆ ಇಟ್ಟಿದ್ದು.” ಮಾವ ಮೇಜಿಗೆ ಆನಿಕೊಂಡ. “ಮುಂದಿನ ಕೋಣೇಲಿ ಮಾರಾಟಕ್ಕೇ ತೂಗುಹಾಕಿದ್ವಿ. ನಾಲ್ಕೈದು ವರ್ಷ ಯಾರೂ ಮೂಸಿ ನೋಡ್ಲಿಲ್ಲ. ಆಮೇಲೊಂದು ದಿನ ಎಡಗೈಯವನೊಬ್ಬ ಬಂದ, ಕುಣಿದಾಡಿಬಿಟ್ಟ, ಈಗ್ಲೇ ಕಟ್ಟಿಕೊಡಿ ಅಂದ. ನೀನು ಅಲ್ಲೇ ನೆಲದ ಮೇಲೆ ಕೂತು ಮರದ ಚೂರಿನ ಮೇಲೆ ಗೀಚ್ತಿದ್ದೆ. ಪೆನ್ಸಿಲು ಎಡಗೈಯಲ್ಲಿ. ನಿಮ್ಮಪ್ಪ ಅವನನ್ನ ನೋಡ್ದ, ನಿನ್ನ ನೋಡ್ದ. ಇದು ಮಾರಾಟಕ್ಕಲ್ಲ ಅಂದ. ಅವನಿಗೆ ಬೇರೆ ಮಾಡಿಕೊಟ್ವಿ.”

“ಇದನ್ನ ಈಗ ಕಟ್ಟಿ ಹೇಳ್ತಿದ್ದೀಯಾ ಮಾವ?”

“ಕಟ್ಟಕ್ಕೆ ನನಗೆ ಬರಲ್ಲ. ಕ್ಯಾಟಲಾಗು ಬರೀತಿದ್ದವನು ನಿಮ್ಮಪ್ಪ. ಬೆಲೆಚೀಟಿಯನ್ನ ತಂತಿ ಬಿಗಿಯೋ ಬಿರಡೆಗೆ ದಾರದಲ್ಲಿ ಕಟ್ಟಿದ್ವಿ. ಗಂಟು ಬಿಚ್ಚೋ ತಾಳ್ಮೆ ಅವನಿಗೆಲ್ಲಿ? ಚೀಟಿ ಹತ್ತಿರ ಕಚಕ್ ಅಂತ ಕತ್ತರಿಸಿದ.”

ಯಜಮಾನಿ ಹಲಗೆಯನ್ನು ಎದೆಗಾನಿಸಿಕೊಂಡು ನಿಂತಿದ್ದಳು. “ಕೆಂಪು ದಾರ” ಎಂದಳು. “ಇನ್ನೂ ಇದೆ. ಎಷ್ಟು ಸಲ ತಂತಿ ಬದಲಾಯಿಸಿದೀನಿ. ಅಂದಕ್ಕೆ ಕಟ್ಟಿದಾರೆ ಅಂದ್ಕೊಂಡು ಅದನ್ನ ಮಾತ್ರ ಮುಟ್ಟಿಲ್ಲ.”

ಎಂಟನ್ನು ಅದರ ಮೊಳೆಗೆ ಸಿಕ್ಕಿಸಿದಳು. ಹಸಿರು ಚೀಟಿಯನ್ನು ಖಾಲಿ ಮೊಳೆಗೆ ಕಟ್ಟಿ, ಯಾರ ಮುಖವನ್ನೂ ನೋಡದೆ ತನ್ನ ಕೋಣೆಗೆ ಹೋದಳು. ಮಾವ ಹತ್ತು ಹಲಗೆಗಳನ್ನು ಬಗಲಿಗೆ ಸಿಕ್ಕಿಸಿಕೊಂಡು ಗರಗಸದ ಕಡೆ ನಡೆದ. ಒಂದೊಂದರ ಬೆನ್ನಿನ ತಾರೀಖನ್ನೂ ಓದಿ ಓದಿ ಕೊಯ್ದಿದ್ದರಿಂದ ಮಧ್ಯಾಹ್ನದವರೆಗೂ ಹಿಡಿಯಿತು. ನಡುವೆ ತಂತಿ ಪಟ್ಟಿಯ ಹೆಂಗಸು ಬಂದು, ಒಂದು ಗಿಟಾರಿನ ಕತ್ತನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟು, “ಮಾವ, ಇಲ್ಲಿ ಕೈ ತಪ್ಪಿತು” ಎಂದಳು. ಮಾವ ಅದನ್ನು ಮೂರು ಸುತ್ತು ತಿರುಗಿಸಿ ನೋಡಿ, “ಹೌದು, ತಪ್ಪಿದೆ. ಇನ್ನೊಂದು ಮಾಡು” ಎಂದ.

ಮಾರನೆಯ ದಿನ ಯಜಮಾನಿ ತನ್ನ ಗಿಟಾರನ್ನು ಮನೆಯಿಂದ ಹೊತ್ತು ತಂದಳು. ಬಿರಡೆಯ ಮೇಲೆ ದಾರ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅದನ್ನು ಒಂಬತ್ತನೆಯ ಮೊಳೆಗೆ ತೂಗುಹಾಕಬೇಕೆಂದಳು. ಅದು ಬರೀ ನಂಬರಿಗೆಂದು ಹೊಡೆದ ಸಣ್ಣ ಮೊಳೆ, ಇಷ್ಟು ವರ್ಷ ಯಾವ ಭಾರವನ್ನೂ ಹೊತ್ತದ್ದಲ್ಲ. ಮಾವ ಅದನ್ನು ಕಿತ್ತು, ಅದೇ ತೂತಿಗೆ ದಪ್ಪನೆಯದೊಂದು ಹೊಡೆದ.