ಹಾಯಿತ್‌ಬಾಯ್ ಬಚ್ಚಿಟ್ಟ ಪಲಾವ್

ಕೋಕಂದ್ ಊರಿನಲ್ಲಿ ಪಲಾವ್ ಬೇಯಿಸಲು ಬಾರದ ಗಂಡಸಿಗೆ ಬೆಕ್ಕು ಕೂಡ ಮರ್ಯಾದೆ ಕೊಡುವುದಿಲ್ಲ. ಹೀಗಿದ್ದೂ ಮದುವೆಮನೆಗಳ ಅಡುಗೆಯವ ಹಾಯಿತ್‌ಬಾಯ್, ಪಲಾವಿನ ವಿದ್ಯೆ ತನ್ನ ಕತ್ತೆಯಂತೆಯೇ ತನ್ನ ಸ್ವಂತ ಆಸ್ತಿ ಎಂದು ನಂಬಿದ್ದ. ಪರಿಮಳ ಕದ್ದೊಯ್ಯುತ್ತದೆಂದು ಗಾಳಿಯನ್ನೇ ಬೈಯುತ್ತಿದ್ದ. ಶಿಷ್ಯ ಮಾಮಾಸೊಲಿ ಗಜ್ಜರಿ ಹೆಚ್ಚುತ್ತಲೇ ಮೊಮ್ಮಕ್ಕಳನ್ನು ಕಂಡಿದ್ದ. ಒಲೆ ಹೊತ್ತಿದೊಡನೆ ಅವನನ್ನು ಬೀದಿಗೆ ಅಟ್ಟಲಾಗುತ್ತಿತ್ತು. ಉಸ್ತಾದ ಕೈಯೆತ್ತಿ ಹರಸುವವರೆಗೆ ಶಿಷ್ಯ ಸ್ವಂತ ಕಡಾಯಿ ಇಡುವಂತಿಲ್ಲ.

"ಉಸ್ತಾದರೇ, ಸಾಯೋದ್ರೊಳಗಾದ್ರೂ ಕಲಿಸ್ತೀರಾ?"

"ಕತ್ತೆ ಕೊಟ್ರೆ ನನ್ ಹತ್ರ ಕತ್ತೆ ಇರಲ್ಲ. ವಿದ್ಯೇನೂ ಅಷ್ಟೇ."

"ವಿದ್ಯೆ ಕೊಟ್ರೂ ನಿಮ್ ಹತ್ರ ಇರತ್ತಲ್ಲ?"

"ನಿನ್ ಹತ್ರಾನೂ ಇರತ್ತಲ್ಲೋ, ಅದೇ ಸಂಕಟ!"

ಅಷ್ಟರಲ್ಲಿ ಉಸ್ತಾದನ ಮಗಳು ಓಯ್ದಿನಳ ಮದುವೆ ಬಂತು. ಮದುವೆಯ ಬೆಳಗಿನ ಪಲಾವಿಗೆ ಊರೇ ಬರುತ್ತದೆ. ಹೆಣ್ಣಿನ ತಂದೆ ಎದೆಯ ಮೇಲೆ ಕೈಯಿಟ್ಟು ನೆಂಟರನ್ನು ಬರಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಲ್ಲಬೇಕು; ಕದಲಿದರೆ ಮಗಳಿಗೆ ಅಪಕೀರ್ತಿ. ಬೇರೆಯವರ ಪಲಾವ್ ತನ್ನ ಅಂಗಳದಲ್ಲಿ ಬೇಯಬಾರದೆಂಬ ಹಟ ಬೇರೆ ಅವನಿಗೆ.

"ಓಯ್ದಿನ್ ಅಪ್ಪಾ, ಕಡಾಯೀನ ಬಾಗಿಲಿಗೆ ತರ್ತೀರೋ, ಬಾಗಿಲನ್ನೇ ಕಡಾಯಿ ಹತ್ರ ಒಯ್ತೀರೋ?" ಎಂದಳು ಹೆಂಡತಿ ಜೆಬಿನಿಸೊ.

ಅವನು ನಿಜಕ್ಕೂ ಹೋಗಿ ಬಾಗಿಲಿನ ಕೀಲು ಅಲುಗಾಡಿಸಿ ನೋಡಿದ.

ಕೊನೆಗೆ ಕಡಾಯಿಯ ಮುಂದೆ ಮಾಮಾಸೊಲಿ ನಿಂತ. ಎಣ್ಣೆ ಹೊಗೆಯಾಡಿತು. ಮುಂದೇನೆಂದು ಅವನಿಗೆ ಗೊತ್ತಿಲ್ಲ. ಪಲಾವ್ ಕೆಟ್ಟರೆ ಓಯ್ದಿನಳ ಮರಿಮಕ್ಕಳವರೆಗೂ ಊರು ಆಡಿಕೊಳ್ಳುತ್ತದೆ. ಹಾಯಿತ್‌ಬಾಯ್ ಬಾಗಿಲಿಂದಲೇ ಕಿರುಚಿದ. ಆಳುದ್ದದ ಕಹಳೆಗಳು ಮೊಳಗುತ್ತಿದ್ದವು. ಅವನ್ನು ಮೀರಿಸಿದ ಆ ಗಂಟಲು ಆಚೆಯ ಬೆಟ್ಟದ ಕುರಿಗಳನ್ನೂ ಎಬ್ಬಿಸಿತು.

"ಸಲಾಂ, ಬನ್ನಿ ಬನ್ನಿ! ಮಾಮಾಸೊಲೀ, ಮಾಂಸ ಹಾಕೋ! ಮನೇಲೆಲ್ಲ ಸೌಖ್ಯವಾ? ಉಪ್ಪು! ಇನ್ನೂ! ನಿಮ್ಮ ಮಾವನೋರ ಮಂಡಿನೋವು ಹೇಗಿದೆ? ಈಗ ನೀರು! ಮೆಲ್ಲಗೆ ಕಣೋ, ಕತ್ತೆ! ಅಯ್ಯೋ, ನಿಮಗಲ್ಲ, ಒಳಗೆ ದಯಮಾಡಿಸಿ!"

ಪಲಾವ್ ತಿಂದವರು ತಟ್ಟೆಯ ಬಣ್ಣವನ್ನೂ ನೆಕ್ಕಿದರು. ಬಚ್ಚಿಡಲು ಇನ್ನೇನೂ ಉಳಿಯದ್ದರಿಂದ ಹಾಯಿತ್‌ಬಾಯ್ ಮಾಮಾಸೊಲಿಯನ್ನು ಹರಸಿಬಿಟ್ಟ.

ಅಂದಿನಿಂದ ಕೋಕಂದಿನ ಅಡುಗೆಯವರೆಲ್ಲ ನೀರು ಸುರಿಯುವ ಮುನ್ನ ಎದೆಯ ಮೇಲೆ ಕೈಯಿಟ್ಟು, ಕಡಾಯಿಯ ಬಳಿ ಅದರ ಮಾವನ ಮಂಡಿನೋವು ವಿಚಾರಿಸುತ್ತಾರೆ.

"ಅದು ಪಲಾವಿಗೆ ಸೇರಿದ್ದಲ್ಲ ಕಣ್ರೋ! ನೆಂಟರನ್ನ ಕೇಳಿದ್ದು!" ಎಂದು ಹಾಯಿತ್‌ಬಾಯ್ ಬೀದಿಬೀದಿ ಕೂಗಿ ಹೇಳಿದ.

"ನೋಡ್ರಪ್ಪಾ, ಮುಖ್ಯವಾದದ್ದನ್ನ ಮುದುಕ ಇನ್ನೂ ಬಿಟ್ಟುಕೊಡ್ತಿಲ್ಲ," ಎಂದು ಅವರು ಕಣ್ಣು ಹೊಡೆದರು.

ಈಚೆಗೆ ಹಾಯಿತ್‌ಬಾಯ್ ಕೂಡ ನೀರು ಸುರಿಯುವ ಮುನ್ನ ಅತ್ತಿತ್ತ ನೋಡಿ, ಯಾವುದಕ್ಕೂ ಇರಲಿ ಎಂದು, ಮೆಲ್ಲಗೆ ಮಂಡಿಯ ವಿಚಾರ ಕೇಳುತ್ತಾನೆ.