ಬಸ್ಸಿನಲ್ಲಿ ಕೆಮ್ಮಿದವರು

ಅಜ್ಜಂಪುರದಿಂದ ತರೀಕೆರೆಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಇಪ್ಪತ್ತರ ಹುಡುಗಿ, ಅವಳ ಆಚೆ ಅವಳ ತಾಯಿ ಕೂತಿದ್ದರು.

"ಹಿಂದೆ ಇಬ್ರು ಕೆಮ್ಮಿದ್ರು. ನಾನು ಹತ್ತಿದೆ ಅಂತ ಸನ್ನೆ ಅದು. ಇಳೀತೀನಿ," ಎಂದು ಹುಡುಗಿ ಎದ್ದಳು.

"ಕೂತ್ಕೊಳೇ! ಮನಸ್ಸಿನ ಡಾಕ್ಟ್ರ ಹತ್ರ ಹೊರಟಾಗೆಲ್ಲ ಹಿಂಗೇ ಅರ್ಧ ದಾರೀಲಿ ಇಳಿದ್ಬಿಡ್ತಾಳೆ ಕಣ್ರೀ," ಎಂದು ತಾಯಿ ಕಣ್ಣೊರೆಸಿಕೊಂಡರು.

ಹೋದ ವರ್ಷ ತೀರಿಕೊಂಡ ನನ್ನ ತಮ್ಮನಿಗೂ ಇಂಥದೇ ಅನುಮಾನಗಳಿದ್ದವು. ಸುಳ್ಳೆಂದು ವಾದಿಸಿ ಅವನನ್ನು ದೂರ ಮಾಡಿಕೊಂಡಿದ್ದೆ. ಈ ಸಲ ವಾದಿಸಲಿಲ್ಲ.

"ನಾನು ಟೀಚರ್ ಕಣಮ್ಮ. ಈರುಳ್ಳಿ ಕೊಳ್ಳೋನು ಮೂಟೆ ಮೇಲಿನ ಎರಡು ಗೆಡ್ಡೆ ನೋಡಿ ರೇಟು ಹೇಳ್ತಾನಾ?" ಎಂದೆ.

"ಹೇಳಿದ್ರೆ ಮುಳುಗ್ತಾನೆ ಮಿಸ್. ಸುರಿಸಿ ನೋಡ್ಬೇಕು."

"ಹಾಗಾದ್ರೆ ಇಬ್ಬರನ್ನೇ ನೋಡಿ ತೀರ್ಮಾನ ಬೇಡ. ತರೀಕೆರೆವರೆಗೂ ಕೂತು ಎಷ್ಟು ಜನ ಕೆಮ್ತಾರೆ ಎಣಿಸು."

ಕೂತಳು. ರಸ್ತೆ ಕೆಲಸದ ಧೂಳು ಒಳಗೆ ನುಗ್ಗಿ ಡ್ರೈವರೂ ಕೆಮ್ಮಿದ. ಪಾಠ ತಲೆಗೆ ಹತ್ತಿತೆಂದು ನಾನು ಹಿಗ್ಗಿದೆ.

ತರೀಕೆರೆಯಲ್ಲಿ ಇಳಿದವಳೇ ಲೆಕ್ಕ ಒಪ್ಪಿಸಿದಳು: "ಸನ್ನೆ ಮಾಡೋರು ಹನ್ನೊಂದು ಜನ ಇದಾರೆ ಮಿಸ್! ನಾನು ಇಬ್ರೇ ಅಂದ್ಕೊಂಡಿದ್ದೆ. ಅದ್ರಲ್ಲಿ ನೀವೂ ಒಬ್ರು."

ಹಾಗೆಂದರೂ ಇಳಿಯುವಾಗ ಹಿಡಿದ ನನ್ನ ಕೈ ಮಾತ್ರ ಬಿಡಲಿಲ್ಲ. ಹಿಡಿದುಕೊಂಡೇ ಡಾಕ್ಟರ ಕೋಣೆಯವರೆಗೂ ನಡೆದಳು.

ಎಣಿಕೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಾನೂ ಎರಡು ಸಲ ಕೆಮ್ಮಿದ್ದೆ.