ನಡುವೆ ಬದು ಇದ್ದ ಮೈದಾನ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಧಾರವಾಡದ ಹಾಸ್ಟೆಲಿನಲ್ಲಿ ಈ ಕತೆ ಹೇಳಿ ಎಷ್ಟು ಸಲ ನಗಿಸಿದ್ದೇನೆಂದರೆ, ನನಗೆ ಈಗ ನೆನಪಿರುವುದು ನಡೆದದ್ದೋ, ನಾನು ಹೇಳುತ್ತ ಬಂದದ್ದೋ ಬಿಡಿಸಿ ನೋಡಲು ಆಗುವುದಿಲ್ಲ. ಗದ್ದೆಯ ನಡುವಿನ ಬದು ನನ್ನ ಸೊಂಟದೆತ್ತರ ಇತ್ತು ಅಂತ ನಾನು. ಮೊಣಕಾಲಿಗೂ ಬರುತ್ತಿರಲಿಲ್ಲ ಅಂತ ಚಿಕ್ಕಪ್ಪ. ಬದು ಈಗ ಇಲ್ಲ, ಅಳೆಯುವ ಹಾಗೂ ಇಲ್ಲ. ನಮ್ಮೂರ ಫುಟ್‌ಬಾಲ್ ತಂಡ ಸೋಲುತ್ತಿತ್ತು ಎಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನಮ್ಮದು ಸಿದ್ದಾಪುರ ತಾಲೂಕಿನ ಊರು. ಸುತ್ತ ಹತ್ತು ಹಳ್ಳಿಯವರೂ ವಾಲಿಬಾಲ್ ಆಡುತ್ತಿದ್ದಾಗ ನಮ್ಮ ಚಿಕ್ಕಪ್ಪ, ಅಂದರೆ ಅಪ್ಪಯ್ಯನ ತಮ್ಮ, ಕಾಲೇಜು ಮುಗಿಸಿ ಬರುವಾಗ ಒಂದು ಫುಟ್‌ಬಾಲ್ ತಂದ. ಪದವಿಯನ್ನೂ ತಂದಿದ್ದನಂತೆ, ಅದರಿಂದ ಯಾರಿಗೂ ಇಷ್ಟು ತೊಂದರೆಯಾಗಲಿಲ್ಲ. ಊರ ಹುಡುಗರನ್ನು ಸೇರಿಸಿ ತಂಡ ಕಟ್ಟಿದ, ತಾನೇ ನಾಯಕನಾದ, ತಾನೇ ಗೋಲ್‌ಕೀಪರೂ ಆದ. ಆಡಲು ಜಾಗ ಬೇಕಿತ್ತು. ಗುಡ್ಡದ ನಡುವಿನ ಊರಿನಲ್ಲಿ ಸಪಾಟು ಜಾಗವೆಂದರೆ ಕೊಯ್ಲು ಮುಗಿದ ಗದ್ದೆ. ಭತ್ತ ಮನೆ ಸೇರಿದ ಮೇಲೆ ಮಳೆ ಬರುವ ತನಕ ಅಜ್ಜನ ಗದ್ದೆ ನಮ್ಮ ಮೈದಾನ.

ಆದರೆ ಫುಟ್‌ಬಾಲಿಗೆ ಬೇಕಾಗುವಷ್ಟು ದೊಡ್ಡ ಗದ್ದೆ ನಮ್ಮ ಕಡೆ ಇರುವುದಿಲ್ಲ. ಒಂದರ ಕೆಳಗೊಂದು ಮೆಟ್ಟಿಲಿನ ಹಾಗೆ ಇರುತ್ತವೆ. ಹಾಗಾಗಿ ಅರ್ಧ ಮೈದಾನ ಮೇಲಿನ ಗದ್ದೆಯಲ್ಲಿ, ಇನ್ನರ್ಧ ಕೆಳಗಿನ ಗದ್ದೆಯಲ್ಲಿ, ನಡುಗೆರೆ ಇರಬೇಕಾದಲ್ಲಿ ಬದು. ನಡುವಿನ ಬದುವನ್ನಷ್ಟು ಕಡಿದು ಮಟ್ಟ ಮಾಡೋಣ ಅಂತ ಚಿಕ್ಕಪ್ಪ ಒಂದು ಸಲ ಅಜ್ಜನ ಹತ್ತಿರ ಕೇಳಿದ್ದ.

“ಬದು ತೆಗೆದ್ರೆ ನೀರು ಎಲ್ಲಿ ನಿಲ್ತೋ? ಚೆಂಡು ಬೆಳೀತ್ಯನೋ ಗದ್ದೇಲಿ?” ಅಂದ ಅಜ್ಜ. ಅಲ್ಲಿಗೆ ಆ ಮಾತು ಮುಗಿಯಿತು.

ನಮ್ಮ ತಂಡ ಬದುವಿಗೆ ಹೊಂದಿಕೊಂಡಿತು. ನಡುವಿಗೆ ಬಂದ ಕೂಡಲೇ ಚೆಂಡನ್ನು ಎತ್ತಿ ಆಚೆ ಹೊಡೆಯಬೇಕು, ಹಿಂದೆಯೇ ತಾನೂ ಹಾರಬೇಕು. ಇಷ್ಟನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಕರಗತ ಮಾಡಿಕೊಂಡರು. ಜಗತ್ತಿನ ಬೇರೆ ಯಾವ ಮೈದಾನದಲ್ಲೂ ಅದು ಬೇಕಾಗುವುದಿಲ್ಲ ಎಂಬುದು ಶಿರಸಿಗೆ ಮೊದಲ ಸಲ ಆಡಲು ಹೋದಾಗ ಗೊತ್ತಾಯಿತು. ಸುಣ್ಣದ ಗೆರೆ ಎಳೆದ ಮಟ್ಟಸ ನೆಲ. ನಮ್ಮವರು ನಡುಗೆರೆಗೆ ಬಂದವರೇ ಚೆಂಡನ್ನು ಆಕಾಶಕ್ಕೆ ಎತ್ತಿ, ತಾವೂ ಹಾರಿದರು. ಎಲ್ಲರೂ ಹಾರಿದರು ಎಂದು ನನ್ನ ನೆನಪು. ಇಬ್ಬರೇ ಎಂದು ಚಿಕ್ಕಪ್ಪ. ನನ್ನ ಪಕ್ಕ ನಿಂತಿದ್ದ ಬನವಾಸಿ ಕಡೆಯ ಹಿರಿಯರೊಬ್ಬರು ಮಾತ್ರ ನಿಜವಾದ ಕಾಳಜಿಯಿಂದ ಕೇಳಿದ್ದರು: “ಅಲ್ಲೇನ್ ಹಾವೈತೇನ್ರಿ? ಎಲ್ಲಾರೂ ಅಲ್ಲೇ ಹಾರಾಕತ್ತಾರ?”

ನಾನು ಈ ತಂಡದ ಅಭಿಮಾನಿಯಾಗಿದ್ದೆ. ಬಹುವಚನ ಬಳಸುವಷ್ಟು ಅಭಿಮಾನಿಗಳು ಇರಲಿಲ್ಲ. ಶಾಲೆಯಲ್ಲಿ ನನ್ನನ್ನು ಕಂಡರೆ, ನಿಮ್ಮೂರಿನವರು ಆಡಲು ಬಂದರೆ ಎದುರಿನ ಗೋಲ್‌ಕೀಪರ್ ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಾನಂತೆ ಹೌದಾ ಎಂದು ಕೇಳುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ನಿಷ್ಠೆ ಎಂದು ಈಗ ದೊಡ್ಡ ಶಬ್ದ ಬಳಸಬಹುದು, ಆದರೆ ಅದರಲ್ಲಿ ಸ್ವಾರ್ಥವೂ ಇತ್ತು. ನೀನು ಹೈಸ್ಕೂಲಿಗೆ ಹೋದ ವರ್ಷ ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದ. ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳುವ ತಂಡ ಮೂರು ತಾಲೂಕಿನಲ್ಲಿ ಇದೊಂದೇ. ಗೆಲ್ಲುವ ತಂಡಗಳಿಗೆ ನನ್ನ ಅವಶ್ಯಕತೆ ಇರಲಿಲ್ಲ. ಸೋಲುವ ತಂಡಕ್ಕೆ ಕಳೆದುಕೊಳ್ಳಲು ಏನೂ ಇರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಗದ್ದೆಗೇ ಸಂಚಕಾರ ಬಂತು. ಊರಿನಲ್ಲಿ ಒಬ್ಬೊಬ್ಬರಾಗಿ ಗದ್ದೆಗೆ ಅಡಿಕೆ ಸಸಿ ಹಾಕಲು ಶುರು ಮಾಡಿದ್ದರು. ಮುಂದಿನ ಮಳೆಗೆ ನಾವೂ ಹಾಕುವುದೆಂದು ಅಜ್ಜ ಬೇಸಿಗೆಯ ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ಚಿಕ್ಕಪ್ಪ ಆಟದ ಮಾತೆತ್ತಿದ. ನಾನು ಅಳುವುದಕ್ಕೆ ಶುರು ಮಾಡಿದೆ. ಅಳು ನೋಡಲಾರದೆಯೋ, ಗೆಲ್ಲುವ ಭಯ ಇಲ್ಲದ್ದರಿಂದಲೋ, ಅಜ್ಜ ಉದಾರಿಯಾದ.

“ಒಂದು ಮ್ಯಾಚ್ ಗೆದ್ಕಂಡು ಬಾ,” ಅಂದ ಚಿಕ್ಕಪ್ಪನಿಗೆ. “ಗದ್ದೆ ಗದ್ದೆಯಾಗೇ ಇರ್ತು.”

ಆ ಬೇಸಿಗೆಯಲ್ಲಿ ಉಳಿದಿದ್ದದ್ದು ಯಲ್ಲಾಪುರದ ಒಂದು ಪಂದ್ಯ ಮಾತ್ರ. ಎದುರಿನವರು ಆ ವರ್ಷವಷ್ಟೇ ಕಟ್ಟಿದ ತಂಡ. ಸೋಲಿಸಬಹುದಾದವರು ಸಿಕ್ಕಿದ್ದು ಅದೇ ಮೊದಲು. ಟೆಂಪೊದಲ್ಲಿ ಹೋದೆವು, ನಾನು ನಿಂಬೆಹಣ್ಣಿನ ಚೀಲ ಹಿಡಿದುಕೊಂಡು ಮುಂದೆ ಕೂತಿದ್ದೆ. ಯಲ್ಲಾಪುರದಲ್ಲಿ ಸೋತಾಗಲೆಲ್ಲ ಬಂದ ದಾರಿ ದಂಡವಾಗಬಾರದೆಂದು ಮಾಗೋಡು ಜಲಪಾತ ನೋಡಿಕೊಂಡು ಬರುವುದು ತಂಡದ ರೂಢಿ. ನಮ್ಮ ಹುಡುಗರಿಗೆ ಮಾಗೋಡಿನ ಒಂದೊಂದು ಬಂಡೆಯೂ ಪರಿಚಯವಿತ್ತು.

ಆ ದಿನ ನಮ್ಮವನೊಬ್ಬ ಹಳೆಯ ಚಟದಂತೆ ನಡುಗೆರೆಯಲ್ಲಿ ಚೆಂಡನ್ನು ಎತ್ತಿ ಹೊಡೆದ. ಇಲ್ಲದ ಬದುವನ್ನು ದಾಟಿದ ಚೆಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ ಗೋಲ್‌ಕೀಪರನ ತಲೆಯ ಮೇಲಿಂದ ಒಳಗೆ ಬಿತ್ತು. ನಮಗೆ ಗೋಲು. ಹೀಗೂ ಆಗಬಹುದೆಂದು ಯಾರೂ ಯೋಚಿಸಿಯೇ ಇರಲಿಲ್ಲ, ಹಾಗಾಗಿ ಕುಣಿಯುವುದು ಹೇಗೆಂದು ಗೊತ್ತಾಗದೆ ಎಲ್ಲರೂ ಒಬ್ಬರ ಕೈ ಒಬ್ಬರು ಕುಲುಕಿದರು.

ಆಟ ಮುಗಿಯಲು ಬಂದಿತ್ತು. ಅವರ ಕಡೆಯ ಒಬ್ಬ ದೂರದಿಂದ ಒದ್ದ. ಕಾಲು ಸರಿಯಾಗಿ ತಾಗಲಿಲ್ಲ, ಚೆಂಡು ಉರುಳುತ್ತ ಬಂತು. ಎಷ್ಟು ನಿಧಾನವೆಂದರೆ ಚಿಕ್ಕಪ್ಪ ಬಗ್ಗಿ ಎತ್ತಿಕೊಂಡು, ಅಂಗಿಗೆ ಒರೆಸಿ, ನನ್ನ ಕಡೆ ಕೈ ಬೀಸಬಹುದಿತ್ತು. ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಂತ. ಚೆಂಡು ಅವನ ಪಕ್ಕದಲ್ಲೇ ಹಾದು ಒಳಗೆ ಹೋಯಿತು. ಸೀಟಿ ಊದಿದರು. ಒಂದಕ್ಕೊಂದು, ಸಮ.

“ಕೂಳೆ ಇದ್ದಿದ್ರೆ ಅಲ್ಲೇ ನಿಲ್ತಿತ್ತು,” ಅಂದ ಚಿಕ್ಕಪ್ಪ. “ಆನು ನಿಲ್ತು ಹೇಳಿ ಮಾಡಿದ್ದಿ.”

ಚೆಂಡು ತಾನಾಗಿಯೇ ನಿಲ್ಲುತ್ತದೆ ಎಂದುಕೊಂಡಿದ್ದನಂತೆ. ಎಲ್ಲರೂ ಒಪ್ಪಿದರು. ನಮ್ಮ ಗದ್ದೆಯಲ್ಲಿ ಭತ್ತ ಕೊಯ್ದು ಉಳಿದ ಕೂಳೆ ಪೊರಕೆಯ ಹಾಗೆ ನಿಂತಿರುತ್ತಿತ್ತು. ಅಂಥ ಚೆಂಡು ಗೋಲಿನ ತನಕ ಬಂದದ್ದೇ ಇಲ್ಲ, ನಡುದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಚಿಕ್ಕಪ್ಪ ಅದಕ್ಕಾಗಿ ಕಾಯುತ್ತಿದ್ದ, ಅಷ್ಟೇ. ನಾವು ಸೋಲದೆ ಇದ್ದದ್ದು ಅದೇ ಮೊದಲಾದ್ದರಿಂದ ಟೆಂಪೊದಲ್ಲಿ ಸಂಭ್ರಮವೂ ಆಯಿತು. ಸಮವಾದರೆ ಮಾಗೋಡಿಗೆ ಹೋಗಬೇಕೋ ಬೇಡವೋ ಎಂಬ ಚರ್ಚೆ ನಡೆದು, ಕೊನೆಗೆ ಹೋಗಲಿಲ್ಲ. ಚರ್ಚೆಯಲ್ಲಿ ಚಿಕ್ಕಪ್ಪ ಸೇರಿದ ನೆನಪಿಲ್ಲ. ಮುಗುಳ್ನಗುತ್ತ ಕೂತಿದ್ದ ಎಂದು ಹಾಸ್ಟೆಲಿನಲ್ಲಿ ಹೇಳುತ್ತಿದ್ದೆ. ಆ ನಗುವನ್ನು ನಾನೇ ಅಂಟಿಸಿರುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ನಾನೇ ಓಡಿಹೋಗಿ ಅಜ್ಜನಿಗೆ ಸುದ್ದಿ ಹೇಳಿದೆ. ಸೋಲಲಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಿದೆ.

“ಸೋತಿದ್ದಿಲ್ಲೆ ಅಂದ್ರೆ ಗೆದ್ದಾಂಗೆ ಆತನೇ ಕೂಸೆ?” ಅಂದ ಅಜ್ಜ.

ಮಳೆಗೆ ಮುಂಚೆ ಬುಲ್ಡೋಜರ್ ಬಂತು. ಅಷ್ಟು ವರ್ಷ ಅಲುಗಿಸಬಾರದಾಗಿದ್ದ ಬದುವನ್ನು ಒಂದು ಬೆಳಗಿನಲ್ಲಿ ತೆಗೆದು, ಎರಡು ಗದ್ದೆಯನ್ನೂ ಒಂದೇ ಮಟ್ಟ ಮಾಡಿತು. ಸಸಿ ನೆಡುವ ತನಕ, ಸುಮಾರು ಒಂದು ವಾರ, ಮೂರು ತಾಲೂಕಿನಲ್ಲಿಯೇ ಅತಿ ಚೆಂದದ ಫುಟ್‌ಬಾಲ್ ಮೈದಾನ ನಮ್ಮದಾಗಿತ್ತು. ಯಾರೂ ಆಡಲಿಲ್ಲ. ಆ ಮಳೆಗಾಲದಲ್ಲೇ ನಾನು ಹೈಸ್ಕೂಲಿಗೆ ಹೋದೆ, ಅಲ್ಲಿ ಹುಡುಗಿಯರಿಗೆ ಥ್ರೋಬಾಲ್ ಇತ್ತು.

ಚಿಕ್ಕಪ್ಪನ ಮದುವೆ ಆದದ್ದೂ ಅದೇ ವರ್ಷ. ಮದುವೆಯನ್ನೂ ಮೈದಾನ ಹೋದದ್ದನ್ನೂ ಜೋಡಿಸಿ ನೋಡಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ. ನಾನು ಧಾರವಾಡದಲ್ಲಿ ಎರಡು ಪದವಿ ಪಡೆದದ್ದರಿಂದ ಆ ವಿಷಯದಲ್ಲಿ ಪ್ರಯೋಜನವೇನೂ ಆಗಲಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಮ್ಮ ದೋಸೆ ಎರೆಯುತ್ತ, ಈಗಿನ ಹುಡುಗರಿಗೆ ಹೆಣ್ಣು ಸಿಗದ ಮಾತು ಬಂದದ್ದಕ್ಕೆ, ತನ್ನ ಮದುವೆಯ ಕತೆ ಹೇಳಿದಳು. ಅವಳ ತವರು ವಾನಳ್ಳಿ.

“ತೋಟ ಎಷ್ಟಿದ್ದು ಹೇಳಿ ನಮ್ಮ ಅಪ್ಪಯ್ಯ ಕೇಳಿದ್ದ,” ಅಂದಳು. “ಮಳೆಗಾಲಕ್ಕೆ ಗದ್ದೆಗೂ ಸಸಿ ಹಾಕ್ತೆ ಹೇಳಿ ಇವ್ರೇ, ನಿನ್ನ ಚಿಕ್ಕಪ್ಪನೇ, ಅಂದ ಮೇಲೇ ಮಾತು ಮುಂದೆ ಹೋದ್ದು. ಆವಾಗಿನ್ನೂ ನಿಮ್ಮನೇಲಿ ಭತ್ತ ಕೊಯ್ದಿದ್ದಿಲ್ಲೆ.”

ಅಂದರೆ ಯಲ್ಲಾಪುರಕ್ಕೆ ಹೋಗುವ ಎಷ್ಟೋ ಮೊದಲು. ಅಜ್ಜನ ಎದುರು ಆಟದ ಮಾತೆತ್ತುವುದಕ್ಕೂ ಮೊದಲು.

ಚಿಕ್ಕಮ್ಮನೂ ತಪ್ಪು ನೆನಪಿಟ್ಟುಕೊಂಡಿರಬಹುದು. ಆ ಅವಕಾಶ ನನಗೊಬ್ಬಳಿಗೇ ಮೀಸಲಲ್ಲ. ಆದರೂ ತಿಂಡಿ ತಿಂದು ತೋಟಕ್ಕೆ ಇಳಿದೆ. ಕೆಳಗಿನ ಗೋಲು ಇದ್ದ ಜಾಗದ ಹತ್ತಿರ ಚಿಕ್ಕಪ್ಪ ನೀರಿನ ಪೈಪು ಜೋಡಿಸುತ್ತಿದ್ದ. ಕೇಳಿದೆ. ಅವನು ಪೈಪಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಒಳಗೆ ನೋಡಿದ, ಕಸ ಸಿಕ್ಕಿದೆಯೆಂದು ಊದಿದ, ಮತ್ತೆ ನೋಡಿದ. ಬಸ್ಸಿನ ಹೊತ್ತಾಯಿತೆಂದು ಮನೆಯಿಂದ ಕೂಗಿದರು. ಅಲ್ಲಿಂದೀಚೆಗೆ ಫೋನಿನಲ್ಲಿ ಎರಡು ಸಲ ಮಾತಾಡಿದ್ದೇವೆ, ಮಳೆಯ ಬಗ್ಗೆ ವಿವರವಾಗಿ ಹೇಳಿದ. ನಾನು ಕೇಳಿದ್ದು ಇಷ್ಟೇ:

“ಚಿಕ್ಕಪ್ಪಾ, ಆ ಚೆಂಡು ನಿಲ್ತು ಹೇಳಿ ನಿಂಗೆ ಖರೇಗೂ ಅನ್ಸಿತ್ತನೋ?”